ಉಡುಗೊರೆಗೆ ಸಿಗಾರ್ ಆರಿಸುವಾಗ ನಾನು ನೋಡುವುದು

ಸಿಗಾರ್ ಉಡುಗೊರೆ ಕೊಡುವಾಗ ಬ್ರ್ಯಾಂಡಿನ ಹೆಸರನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ತಿಳಿಯಬೇಕಾದದ್ದು, ಪಡೆಯುವವರು ಎಷ್ಟು ಖಾರ (ತಂಬಾಕಿನ ತೀವ್ರತೆ) ತಡೆಯುತ್ತಾರೆ, ಒಮ್ಮೆ ಕುಳಿತರೆ ಎಷ್ಟು ಹೊತ್ತು ಸೇದುತ್ತಾರೆ, ಅವರ ಬಳಿ ಹ್ಯೂಮಿಡಾರ್, ಅಂದರೆ ಸಿಗಾರಿನ ತೇವ ಕಾಯುವ ಪೆಟ್ಟಿಗೆ, ಇದೆಯೇ ಎಂಬುದು. ಸೇದದವರಿಗೆ, ಬಿಡಲು ಪ್ರಯತ್ನಿಸುತ್ತಿರುವವರಿಗೆ ಕೊಡುವುದೇ ಇಲ್ಲ.

ಹೊಸಬರಿಗೆ ಕನೆಕ್ಟಿಕಟ್ ಶೇಡ್ ಹೊರ ಎಲೆಯ ಡೊಮಿನಿಕನ್ ಸಿಗಾರ್ ಆರಿಸುತ್ತೇನೆ. ಬಟ್ಟೆಯ ನೆರಳಿನಲ್ಲಿ ಬೆಳೆಸಿದ ಆ ಎಲೆ ತೆಳು, ರುಚಿಯೂ ಮೃದು. ಮ್ಯಾಕನುಡೊ ಕೆಫೆ, ಆಷ್ಟನ್ ಕ್ಲಾಸಿಕ್ ಈ ಜಾತಿಯವು. ಅಳತೆಯಲ್ಲಿ ಪೆಟಿಟ್ ಕರೋನ ಸಾಕು: ಸುಮಾರು 5 ಇಂಚು ಉದ್ದ, 42 ರಿಂಗ್. ರಿಂಗ್ ಎಂದರೆ ಇಂಚಿನ 64ನೇ ಒಂದು ಭಾಗ. ಅಂದರೆ ಅಡ್ಡಗಲ 42/64 ಇಂಚು. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. 7 ಇಂಚಿನ ಚರ್ಚಿಲ್ ನೋಡಲು ಗತ್ತಿನದು, ಆದರೆ ಒಂದೂವರೆ ಗಂಟೆ ಹಿಡಿಯುತ್ತದೆ. ಕೊನೆಯ ಮೂರನೇ ಒಂದು ಭಾಗದಲ್ಲಿ ಶಾಖವೂ ಖಾರವೂ ಏರುವುದರಿಂದ ಹೊಸಬರಿಗೆ ತಲೆಸುತ್ತು, ವಾಕರಿಕೆ ಬರುತ್ತದೆ.

ಬಣ್ಣ ನೋಡಿ ಖಾರ ಅಳೆಯಬಾರದು. ಮದುರೊ ಎಂಬ ಹೊರ ಎಲೆ ಕಪ್ಪಾಗುವುದು ಹೆಚ್ಚು ಕಾಲ ಹುದುಗುವುದರಿಂದ. ಅದರಲ್ಲಿ ತುಸು ಸಿಹಿಯೇ ಇರುತ್ತದೆ. ನಿಜವಾದ ಖಾರ ಒಳಗಿನ ಲಿಹೆರೊ ಎಲೆಯದು. ಗಿಡದ ತುದಿಯಲ್ಲಿ ಬಿಸಿಲುಂಡು ದಪ್ಪಗಾದ ಈ ಎಲೆಯಲ್ಲಿ ನಿಕೋಟಿನ್ ಹೆಚ್ಚು. ಅಂಗಡಿಯಲ್ಲಿ ಕೇಳಬೇಕಾದದ್ದು ಲಿಹೆರೊ ಎಷ್ಟಿದೆ ಎಂಬುದನ್ನು.

ಸಿಗರೇಟು ಸೇದುವವರನ್ನು ಅನುಭವಿಗಳೆಂದು ಎಣಿಸಬೇಡಿ. ಅವರು ಅಭ್ಯಾಸಬಲದಿಂದ ಹೊಗೆಯನ್ನು ಎದೆಗೆ ಎಳೆದುಕೊಳ್ಳುತ್ತಾರೆ. ಹೊಗೆಯನ್ನು ಬಾಯಲ್ಲೇ ಆಡಿಸಿ ಬಿಡಬೇಕು, ನಿಮಿಷಕ್ಕೊಂದು ದಮ್ಮು ಸಾಕು, ಊಟವಾದ ಮೇಲೆ ಸೇದಬೇಕು ಎಂದು ಚೀಟಿ ಬರೆದು ಜೊತೆಗಿಡುತ್ತೇನೆ. ಇಷ್ಟಾದರೂ ಸಿಗಾರ್ ನಿರಪಾಯವೇನಲ್ಲ. ಬಾಯಿ, ಗಂಟಲಿನ ಕ್ಯಾನ್ಸರ್ ಅಪಾಯ ಇದ್ದೇ ಇರುತ್ತದೆ.

ಹೊಸಬರಿಗೆ ಎರಡು ಅಲಗಿನ ಕಟರ್ ಕೂಡ ಬೇಕು. ಬಾಯಿಗಿಡುವ ತುದಿಯ ಟೊಪ್ಪಿಯನ್ನು 2 ಮಿಲಿಮೀಟರಿನಷ್ಟೇ ಕತ್ತರಿಸಬೇಕು. ತುದಿಯ ದುಂಡು ಮುಗಿಯುವ ಭುಜದಿಂದ ಕೆಳಗೆ ಹೋದರೆ ಹೊರ ಎಲೆ ಬಿಚ್ಚಿಕೊಳ್ಳುತ್ತದೆ. ಲೈಟರ್ ಬ್ಯೂಟೇನಿನದಾಗಿರಲಿ, ಪೆಟ್ರೋಲಿನದಾದರೆ ಅದರ ವಾಸನೆ ಎಲೆಗೆ ಹತ್ತುತ್ತದೆ.

ಸ್ವಲ್ಪ ಪಳಗಿದವರಿಗೆ ಒಂದೇ ಸಿಗಾರಿನ ಡಬ್ಬಿಗಿಂತ ನಾಲ್ಕು ಬಗೆಯ ರೊಬಸ್ಟೊ, ಅಂದರೆ 5 ಇಂಚು, 50 ರಿಂಗ್, ಒಳ್ಳೆಯದು. ಅಳತೆ ಒಂದೇ ಇದ್ದು ಕನೆಕ್ಟಿಕಟ್, ಕ್ಯಾಮರೂನ್, ಹಬಾನೊ, ಮದುರೊ ಹೀಗೆ ಹೊರ ಎಲೆ ಬದಲಾದರೆ ತಮಗೆ ಹಿಡಿಸುವುದು ಯಾವುದೆಂದು ಅವರಿಗೇ ಗೊತ್ತಾಗುತ್ತದೆ.

ಹಳೇ ಕೈಗಳಿಗೆ ಊಹೆಯಿಂದ ಕೊಡುವುದಿಲ್ಲ. ಅವರು ಸೇದುವ ಸಿಗಾರಿಗೆ ಸುತ್ತಿದ ಹೆಸರಿನ ಕಾಗದಪಟ್ಟಿ ನೋಡಿಕೊಂಡು ಅದೇ ಸಾಲಿನ ಬೇರೆ ಅಳತೆಯನ್ನೋ ಬೇರೆ ಹೊರ ಎಲೆಯನ್ನೋ ತರುತ್ತೇನೆ. ಉದಾಹರಣೆಗೆ, ನಿಕರಾಗುವಾದ ಪದ್ರೋನ್ 1964 ಆನಿವರ್ಸರಿ ನ್ಯಾಚುರಲ್, ಮದುರೊ ಎರಡರಲ್ಲೂ ಸಿಗುತ್ತದೆ. ಕ್ಯೂಬಾದ್ದು ಕೊಳ್ಳುವಾಗ ಗಾಜಿನ ಮುಚ್ಚಳದ ಡಬ್ಬಿ ಕಂಡರೆ ಕೈಬಿಡಿ, ಅದು ನಕಲಿ.

ಆಯ್ಕೆ ಸರಿಯಿದ್ದೂ ಉಡುಗೊರೆ ಕೆಡುವುದು ಹೆಚ್ಚಾಗಿ ತೇವದ ಏರುಪೇರಿನಿಂದ. ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಸಿಗಾರ್ ತಗ್ಗಿ ಮತ್ತೆ ಏಳಬೇಕು. ಚರಚರ ಅಂದರೆ ಒಣಗಿದೆ. ನಡುವೆ ಗಟ್ಟಿ ಗಂಟು ಸಿಕ್ಕಿದರೆ ಹೊಗೆ ಎಳೆಯಲು ಬರುವುದಿಲ್ಲ. ಸೂಜಿಮೊನೆಯಂಥ ತೂತು ಹುಳುವಿನ ಗುರುತು; 25 ಡಿಗ್ರಿ ಮೀರಿದ ಶಾಖದಲ್ಲಿ ಅದರ ಮೊಟ್ಟೆ ಒಡೆಯುವ ಸಾಧ್ಯತೆ ಹೆಚ್ಚು.

ಹ್ಯೂಮಿಡಾರ್ ಇಲ್ಲದವರಿಗೆ ಗಾಳಿಯಾಡದ ಜಿಪ್ ಚೀಲದಲ್ಲಿ ತೇವವನ್ನು 69 ಶೇಕಡಾದಲ್ಲಿ ಕಾಯುವ ಬೊವೆಡಾ ಪೊಟ್ಟಣ ಹಾಕಿ ಕೊಡುತ್ತೇನೆ. ಫ್ರಿಜ್ಜಿನಲ್ಲಿಟ್ಟರೆ ಒಣಗುತ್ತದೆ, ಅಡುಗೆ ವಾಸನೆಯನ್ನೂ ಹೀರುತ್ತದೆ. ಹ್ಯೂಮಿಡಾರನ್ನೇ ಉಡುಗೊರೆ ಕೊಡುವುದಾದರೆ 84 ಶೇಕಡಾ ಪೊಟ್ಟಣ ಇಟ್ಟು ಎರಡು ವಾರ ಮುಚ್ಚಿಡಿ. ಇಲ್ಲದಿದ್ದರೆ ಒಣ ಸೀಡರ್ ಮರವೇ ಸಿಗಾರಿನ ತೇವ ಕುಡಿದುಬಿಡುತ್ತದೆ. ಸುವಾಸನೆ ಬೆರೆಸಿದ ಸಿಗಾರುಗಳಿಗೆ ಬೇರೆಯದೇ ಚೀಲ ಬೇಕು, ಅವುಗಳ ಪರಿಮಳ ಪಕ್ಕದ್ದಕ್ಕೆ ಅಂಟುತ್ತದೆ.