ವಾಘೋಲಿಯ ನೀಲಿ ಹರಳು: ನಾನು ಒಡೆದದ್ದು, ಉಳಿಸಿದ್ದು

ಕ್ಯಾವನ್ಸೈಟ್ ಅನ್ನುವ ನೀಲಿ ಹರಳು ಮೊದಲ ಸಲ ಸಿಕ್ಕಾಗ ಅದನ್ನು ನಾನೇ ಹಾಳು ಮಾಡಿದೆ. ಹದಿನೈದು ವರ್ಷದ ಹಿಂದಿನ ಮಾತು. ಕೆಲಸ ಸಿಕ್ಕಿ ಪುಣೆಗೆ ಬಂದಿದ್ದೆ. ಭಾನುವಾರ ಬಂತೆಂದರೆ ನಗರ್ ರಸ್ತೆ ಹಿಡಿದು ವಾಘೋಲಿಯ ಕಲ್ಲು ಕ್ವಾರಿಗಳ ಕಡೆ ಹೋಗುತ್ತಿದ್ದೆ. ಅಲ್ಲಿ ಕರಿಕಲ್ಲು ಒಡೆದು ಜಲ್ಲಿ ಮಾಡುತ್ತಾರೆ. ಒಂದು ಬಂಡೆಯ ಪೊಟರೆಯೊಳಗೆ ಕಡಲೆಕಾಳಿನಷ್ಟು ನೀಲಿ ಉಂಡೆ ಕಂಡಿತು. ಬಿಳಿ ಬಟ್ಟೆಗೆ ಹಾಕುವ ನೀಲಿ ಇದೆಯಲ್ಲ, ಹೆಚ್ಚುಕಡಿಮೆ ಆ ಬಣ್ಣ. ಉಳಿಯ ತುದಿ ಕೊಟ್ಟು ಮೆಲ್ಲಗೆ ಮೀಟಿದೆ. ಟಕ್ ಅಂತ ಹಾರಿತು. ಅಂಗೈಗೆ ಬಂದದ್ದು ಅರ್ಧ ಉಂಡೆ, ಒಂದು ಚಿಟಿಕೆ ನೀಲಿ ಪುಡಿ.

ಅದು ಹಾಗಾಗಲು ಕಾರಣ ಇದೆ. ಕ್ಯಾವನ್ಸೈಟ್ ಉಂಡೆ ಒಂದೇ ಹರಳಲ್ಲ. ಸೂಜಿಯಂಥ ನೂರಾರು ಹರಳುಗಳು ಒಂದು ಬಿಂದುವಿನಿಂದ ಎಲ್ಲ ಕಡೆಗೂ ಚಾಚಿಕೊಂಡು ಉಂಡೆಯಾಗಿರುತ್ತವೆ. ಚಾಕುವಿನಿಂದ ಗೀಚಿದರೆ ಗೆರೆ ಬೀಳುವಷ್ಟು ಮೆತ್ತಗಿನ ಖನಿಜ ಅದು. ಹೆಸರೇ ಅದರ ಜಾತಕ: ಕ್ಯಾಲ್ಸಿಯಂನ 'ಕ್ಯಾ', ವನೇಡಿಯಂನ 'ವನ್', ಸಿಲಿಕೇಟಿನ 'ಸಿ'. ನೀಲಿ ಬಣ್ಣ ಬರುವುದು ವನೇಡಿಯಂನಿಂದ. ಅಮೆರಿಕದ ಆರೆಗನ್ ರಾಜ್ಯದಲ್ಲಿ ಮೊದಲು ಸಿಕ್ಕಿತು, 1973ರಲ್ಲಿ ಅದರ ಪೂರ್ತಿ ವಿವರ ಪ್ರಕಟವಾಯಿತು. ಆದರೆ ಅಲ್ಲಿನ ಹರಳುಗಳು ಸಣ್ಣವು. 1980ರ ದಶಕದ ಕೊನೆಗೆ ವಾಘೋಲಿಯಲ್ಲಿ ಸಿಕ್ಕಾಗಲೇ ಜಗತ್ತಿನ ಸಂಗ್ರಾಹಕರೆಲ್ಲ ಇತ್ತ ತಿರುಗಿ ನೋಡಿದ್ದು.

ನಾನು ವಿಜಯಪುರ ಜಿಲ್ಲೆಯವನು. ನಮ್ಮೂರಿನ ಎರೆಮಣ್ಣಿನ ಅಡಿಯಲ್ಲಿ ಇರುವುದೂ ಇದೇ ಕರಿಕಲ್ಲೇ. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ಅದು. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಪೊಟರೆಗಳಾದವು. ಆಮೇಲೆ ಅವುಗಳೊಳಗೆ ಬಿಸಿನೀರು ಇಳಿದು ಹರಳು ಕಟ್ಟಿತು. ಬಾವಿ ತೋಡುವಾಗ ಬರುವ ಬಿಳಿ ಹರಳುಗಳನ್ನು ಚಿಕ್ಕಂದಿನಲ್ಲಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಈ ಹುಚ್ಚು ಶುರುವಾದದ್ದು ಅಲ್ಲಿಂದಲೇ ಇರಬೇಕು.

ಕ್ವಾರಿಯಲ್ಲಿ ಕಲಬುರಗಿ ಕಡೆಯಿಂದ ಬಂದ ಕೂಲಿಯವರಿದ್ದರು. ಕನ್ನಡ ಕೇಳಿ ನನಗೆ ಜೀವ ಬಂದಂತಾಯಿತು. ಅವರಲ್ಲಿ ವಯಸ್ಸಾದ ಒಬ್ಬರನ್ನು ಕಾಕಾ ಅನ್ನುತ್ತಿದ್ದೆ. ನನ್ನ ಅರ್ಧ ಉಂಡೆ ನೋಡಿ ಅವರು ನಕ್ಕರು. "ಹೂವ ಹರಕೊಂಡ್ರಿ, ಗಿಡ ಬಿಟ್ರಿ. ಕಲ್ಲು ಸಮೇತ ತಗೀಬೇಕ್ರೀ ಸರ. ನೀಲಿ ಮುಟ್ಟಬ್ಯಾಡ್ರಿ."

ಆಮೇಲೆ ನಾನು ಕಲಿತದ್ದೆಲ್ಲ ಆ ಮಾತಿನ ವಿಸ್ತಾರ ಅಷ್ಟೇ. ಕ್ಯಾವನ್ಸೈಟ್ ಹೆಚ್ಚಾಗಿ ಕೂತಿರುವುದು ಸ್ಟಿಲ್ಬೈಟ್ ಅನ್ನುವ ಬಿಳಿ ಹರಳುಗಳ ಹಾಸಿನ ಮೇಲೆ. ಬಿಳಿ ಹಾಸು, ನಡುವೆ ನೀಲಿ ಉಂಡೆ, ಅಡಿಯಲ್ಲಿ ಕರಿಕಲ್ಲು. ಮೂರೂ ಇದ್ದರೇನೇ ಅದು ನಮೂನೆ. ಬಿಡಿ ಉಂಡೆ ಡಬ್ಬಿಯಲ್ಲಿಡುವ ಮಣಿ.

ನಾನು ಕ್ವಾರಿಯ ಗೋಡೆಗೆ ಕೈ ಹಾಕುವುದೇ ಇಲ್ಲ. ಮದ್ದು ಸಿಡಿಸಿದ ಮೇಲೆ, ಅದರಲ್ಲೂ ಮಳೆಗಾಲದಲ್ಲಿ, ಮೇಲಿನ ಸಡಿಲ ಕಲ್ಲು ಯಾವಾಗ ಬೀಳುತ್ತದೋ ಹೇಳಲಾಗದು. ಮಾಲೀಕರನ್ನು ಕೇಳಿ, ಕೆಲಸ ನಿಂತ ಹೊತ್ತಿನಲ್ಲಿ ಕೆಳಗೆ ಬಿದ್ದ ಬಂಡೆಗಳನ್ನಷ್ಟೇ ನೋಡುತ್ತೇನೆ. ಒಂದೇ ಸಮನೆ ಗಟ್ಟಿಯಾಗಿರುವ ಕಲ್ಲನ್ನು ಬಿಟ್ಟುಬಿಡುತ್ತೇನೆ. ಚೂರುಚೂರಾಗಿ ಮತ್ತೆ ಬೆಸೆದುಕೊಂಡಂತೆ ಕಾಣುವ ಕಲ್ಲು ಸಿಕ್ಕರೆ ಕೂತು ಹುಡುಕುತ್ತೇನೆ. ನೀಲಿ ಕಂಡದ್ದು ಹೆಚ್ಚಾಗಿ ಅಂಥ ಕಲ್ಲಿನ ಸಂದಿಗಳಲ್ಲೇ. ಹತ್ತು ಭಾನುವಾರದಲ್ಲಿ ಒಂಬತ್ತು ಬರಿಗೈ.

ನೀಲಿ ಕಂಡ ಕೂಡಲೇ ಸುತ್ತಿಗೆ ಎತ್ತಬಾರದು. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು. ಹರಳಿನಿಂದ ಒಂದು ಗೇಣು ದೂರ ಬಿಟ್ಟು ಇಡೀ ತುಂಡನ್ನೇ ಬಿಡಿಸುತ್ತೇನೆ. ಭಾರ ಆಗಲಿ, ಬೆನ್ನು ನೋಯಲಿ. ಹೊಡೆಯುವ ಮೊದಲು ಪೊಟರೆಯೊಳಗೆ ಒದ್ದೆ ಟಿಶ್ಯೂ ಕಾಗದವನ್ನು ಸಡಿಲವಾಗಿ ತುಂಬುತ್ತೇನೆ. ಉಂಡೆ ಕಿತ್ತು ಬಂದರೂ ಕಾಗದದಲ್ಲೇ ಉಳಿಯುತ್ತದೆ.

ಮನೆಯಲ್ಲಿ ಆ ತುಂಡನ್ನು ಚಿಕ್ಕದು ಮಾಡುವಾಗಲೇ ನಾನು ಜಾಸ್ತಿ ಕಳೆದುಕೊಂಡದ್ದು. ಸುತ್ತಿಗೆಯ ಪೆಟ್ಟು ಕಲ್ಲಿನ ಹಿಂದೆ ಬಿದ್ದರೂ ಅದರ ಕಂಪನ ಮುಂದಿನವರೆಗೆ ಹೋಗುತ್ತದೆ, ಉಂಡೆ ತಾನಾಗಿ ಉದುರುತ್ತದೆ. ಈಗ ಹೊಡೆಯುವುದೇ ಇಲ್ಲ, ಒತ್ತುತ್ತೇನೆ. ವೆಲ್ಡಿಂಗ್ ಅಂಗಡಿಯಲ್ಲಿ ಬಿಗಿಯಾಗಿ ಹಿಡಿಯುವ ಹಳೆಯ ವೈಸ್‌ನ ಎರಡೂ ದವಡೆಗೆ ಉಳಿಯ ತುದಿ ಬೆಸೆಸಿಕೊಂಡೆ. ಕಲ್ಲನ್ನು ಅದರ ನಡುವೆ ಹಿಡಿದು ಸ್ಕ್ರೂ ತಿರುಗಿಸುತ್ತಾ ಹೋದರೆ ಒಂದು ಹಂತದಲ್ಲಿ ಕಟ್ ಅಂತ ಎರಡಾಗುತ್ತದೆ. ಕಣ್ಣಿಗೆ ಗಾಗಲ್ಸ್ ಬೇಕೇ ಬೇಕು. ಪ್ರತಿ ಸಲವೂ ಅಂದುಕೊಂಡ ಜಾಗದಲ್ಲೇ ಸೀಳುತ್ತದೆ ಅಂತಿಲ್ಲ. ಆದರೂ ಹತ್ತರಲ್ಲಿ ಏಳು ಉಳಿಯುತ್ತವೆ.

ತೊಳೆಯುವುದಕ್ಕೆ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮಕ್ಕಳ ಮೆತ್ತನೆಯ ಬ್ರಷ್ ಸಾಕು. ಬ್ರಷ್ ಬಿಳಿ ಹಾಸಿಗೆ ಮಾತ್ರ, ಉಂಡೆಯ ಮೇಲೆ ಸ್ಪ್ರೇ ಬಾಟಲಿಯ ನೀರು ಅಷ್ಟೇ. ಆ್ಯಸಿಡ್ ಹಾಕಿದರೆ ಬೇಗ ಬೆಳ್ಳಗಾಗುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿ ಒಂದು ಸ್ಟಿಲ್ಬೈಟ್ ತುಂಡಿನ ಹೊಳಪೆಲ್ಲ ತೆಗೆದೆ. ಬಿಸಿ ಮಾಡಿ ಒಣಗಿಸುವುದೂ ಬೇಡ. ಈ ಹರಳಿನ ರಚನೆಯೊಳಗೇ ನೀರು ಇದೆ, ಕಾಯಿಸಿದರೆ ಅದು ಹೊರಟುಹೋಗುತ್ತದೆ.

ಕೊಳ್ಳುವವರಿಗೂ ಒಂದು ಮಾತು. ಉದುರಿದ ಉಂಡೆಗಳನ್ನು ಬೇರೆ ಸ್ಟಿಲ್ಬೈಟ್ ಮೇಲೆ ಗೋಂದು ಹಾಕಿ ಅಂಟಿಸಿ ಮಾರುವುದು ಮಾಮೂಲು. ನಾನೂ ಒಂದು ಪ್ರದರ್ಶನದಲ್ಲಿ ಟೋಪಿ ಹಾಕಿಸಿಕೊಂಡಿದ್ದೇನೆ. ಮೂರು ಉಂಡೆ, ಮೂರೂ ಅಳತೆ ಹಿಡಿದಿಟ್ಟ ಹಾಗೆ ನಡುಮಧ್ಯ. ಅಷ್ಟು ಚಂದ ಇದ್ದಾಗಲೇ ಅನುಮಾನ ಬರಬೇಕಿತ್ತು ಅಲ್ವಾ? ಮನೆಗೆ ಬಂದು ಹತ್ತು ಪಟ್ಟಿನ ಲೆನ್ಸ್ ಹಿಡಿದು ನೋಡಿದರೆ ಉಂಡೆಯ ಬುಡದಲ್ಲಿ ಮಿರಮಿರ ಗೋಂದು. ಕೆಲವು ಗೋಂದು ನೋಟು ಪರೀಕ್ಷೆ ಮಾಡುವ ನೇರಳೆ ದೀಪದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಈಗ ಆ ದೀಪ ನನ್ನ ಕೀಲಿ ಗೊಂಚಲಿನಲ್ಲೇ ಇದೆ.

ಪ್ರತಿ ನಮೂನೆಯ ಜೊತೆ ಚೀಟಿ ಇಡುತ್ತೇನೆ: ಎಲ್ಲಿ, ಯಾವಾಗ, ಯಾವ ಥರದ ಕಲ್ಲಿನಲ್ಲಿ. ಕ್ವಾರಿ ಮುಚ್ಚಿದ ಮೇಲೆ ಉಳಿಯುವುದು ಆ ಚೀಟಿಯೇ. ನಾನು ಓಡಾಡಿದ ಎರಡು ಗುಂಡಿಗಳ ಸುತ್ತ ಈಗ ಅಪಾರ್ಟ್‌ಮೆಂಟ್ ಎದ್ದಿವೆ.

ಇನ್ನು ಪೆಂಟಗೋನೈಟ್ ಅನ್ನುವ ಇನ್ನೊಂದು ಖನಿಜದ ಸುದ್ದಿ. ಅದರಲ್ಲೂ ಇರುವುದು ಅವೇ ಧಾತುಗಳು, ಅಷ್ಟೇ ಪ್ರಮಾಣದಲ್ಲಿ. ಜೋಡಣೆ ಮಾತ್ರ ಬೇರೆ. ಕ್ಯಾವನ್ಸೈಟ್‌ಗಿಂತ ಎಷ್ಟೋ ಅಪರೂಪ, ವಾಘೋಲಿಯಲ್ಲೂ ಸಿಕ್ಕಿದೆ. ಅದರ ಹರಳುಗಳು ಒತ್ತಾದ ಉಂಡೆ ಕಟ್ಟದೆ ಬಿಡಿಬಿಡಿಯಾಗಿ ಚಾಚಿರುತ್ತವೆ. ಒಂದಕ್ಕೊಂದು ಬೆಸೆದು ಬೆಳೆದ ಹರಳುಗಳ ತುದಿಯನ್ನು ನೇರವಾಗಿ ನೋಡಿದರೆ ಐದು ಮೂಲೆಯ ನಕ್ಷತ್ರ, ಹೆಸರು ಬಂದದ್ದೂ ಅದರಿಂದಲೇ. ವರ್ಷಗಟ್ಟಲೆ ಹುಡುಕಿದೆ, ಸಿಗಲಿಲ್ಲ.

ಹೋದ ವರ್ಷ ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್ ಕೊಂಡೆ. ಪರೀಕ್ಷೆಗೆ ಅಂತ ಹಳೆಯ ಬೆಂಕಿಪೊಟ್ಟಣ ತೆಗೆದೆ. ಮೊದಲ ಎರಡು ವರ್ಷ ನಾನು ಕಿತ್ತು ಹಾಳು ಮಾಡಿದ ಚೂರುಗಳೆಲ್ಲ ಅದರಲ್ಲಿದ್ದವು. ಅದರಲ್ಲೊಂದು ಚೂರಿನ ಹರಳುಗಳು ಯಾಕೋ ತೆಳುವಾಗಿ, ದೂರದೂರ ಇದ್ದವು. ತುದಿಗೆ ಫೋಕಸ್ ಮಾಡಿದೆ. ಐದು ಮೂಲೆ. ಮತ್ತೆ ಎಣಿಸಿದೆ, ಐದೇ. ಬುಡದಲ್ಲಿ ನನ್ನ ಉಳಿಯ ಗುರುತು ಇನ್ನೂ ಹಾಗೇ ಇತ್ತು.