ಮರ ಚಿಗುರುವ ಮೊದಲು ಕಾಡಿಗೆ ಹೋಗಿ

ಅಮೆರಿಕದ ಉತ್ತರ ವರ್ಜೀನಿಯಾಕ್ಕೆ ಬಂದು ಇದು ನಿಮ್ಮ ಮೊದಲ ಚಳಿಗಾಲವಾಗಿದ್ದರೆ, ಮಾರ್ಚ್ ಹೊತ್ತಿಗೆ ಸಾಕಪ್ಪಾ ಅನ್ನಿಸಿರುತ್ತದೆ. ಊರಿನಲ್ಲಿ ಯುಗಾದಿಗೆ ಮಾವು ಚಿಗುರಿ, ಹೊಂಗೆ ಹೂ ಉದುರುವ ಹೊತ್ತು. ಇಲ್ಲಿ ಕಿಟಕಿಯಾಚೆ ಮರಗಳೆಲ್ಲ ಬೋಳು. ಚೆರ್ರಿ ಹೂ ನೋಡಲು ಎಲ್ಲರೂ ವಾಷಿಂಗ್ಟನ್‌ಗೆ ಹೋಗುತ್ತಾರೆ, ನೀವೂ ಹೋಗಿ ಬನ್ನಿ. ಆದರೆ ಆ ಮರಗಳು 1912ರಲ್ಲಿ ಜಪಾನಿನಿಂದ ಬಂದವು. ಈ ನೆಲದ್ದೇ ವಸಂತ ನೋಡಬೇಕೆಂದರೆ ಹತ್ತಿರದ ಕಾಡಿಗೆ ಹೋಗಿ, ಮರ ಚಿಗುರುವ ಮೊದಲೇ ನೆಲದಲ್ಲಿ ಅರಳುವ ಕಾಡುಹೂಗಳನ್ನು ನೋಡಬೇಕು.

ಈ ಹೂಗಳ ಅವಸರಕ್ಕೆ ಕಾರಣ ಬೆಳಕು. ಇಲ್ಲಿನ ದೊಡ್ಡ ಮರಗಳು ಏಪ್ರಿಲ್ ಕೊನೆಯವರೆಗೂ ಪೂರ್ತಿ ಎಲೆ ಬಿಡುವುದಿಲ್ಲ. ಅಷ್ಟರವರೆಗೆ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಆ ಕೆಲವು ವಾರಗಳಲ್ಲೇ ಚಿಗುರಿ, ಹೂ ಬಿಟ್ಟು, ಬೀಜ ಕಟ್ಟಿ, ಮುಂದಿನ ವರ್ಷದ ಆಹಾರವನ್ನು ಗೆಡ್ಡೆಗೆ ತುಂಬಿಸಿಕೊಳ್ಳಬೇಕು. ಮೇಲೆ ನೆರಳು ಮುಚ್ಚಿದ ಮೇಲೆ ಎಷ್ಟೋ ಗಿಡಗಳು ಎಲೆಯೂ ಉಳಿಯದಂತೆ ಮಣ್ಣೊಳಗೆ ಸೇರುತ್ತವೆ. ಮಲೆನಾಡಿನವರಿಗೆ ಇದು ಹೊಸದಲ್ಲ. ಗೌರಿ ಹೂವಿನ ಬಳ್ಳಿ ಮಳೆಗೆ ಎದ್ದು, ಹಬ್ಬದ ಹೊತ್ತಿಗೆ ಅರಳಿ, ಆಮೇಲೆ ಒಣಗಿ ಗೆಡ್ಡೆಗೆ ಮರಳುತ್ತದಲ್ವಾ? ಅಲ್ಲಿ ಮಳೆ ಎಬ್ಬಿಸುತ್ತದೆ. ಇಲ್ಲಿ ಬಿಸಿಲು ಎಬ್ಬಿಸುತ್ತದೆ.

ಹಾಗಾಗಿ ನನ್ನ ಮುಖ್ಯ ಸಲಹೆ ಇದು: ಐದು ಕಾಡುಗಳಿಗೆ ಒಂದೊಂದು ಸಲ ಹೋಗಬೇಡಿ, ಒಂದೇ ದಾರಿಯಲ್ಲಿ ಐದು ವಾರ ನಡೆಯಿರಿ. ಪ್ರತಿ ವಾರ ಬೇರೆಯದೇ ಕಾಡು ಸಿಗುತ್ತದೆ. ಮನೆಗೆ ಹತ್ತಿರ ಇರುವ, ಪಕ್ಕದಲ್ಲಿ ತೊರೆಯೋ ಹೊಳೆಯೋ ಹರಿಯುವ ದಾರಿ ಆರಿಸಿಕೊಳ್ಳಿ. ಪೊಟೋಮ್ಯಾಕ್ ನದಿ ದಂಡೆಯ ರಿವರ್‌ಬೆಂಡ್ ಪಾರ್ಕ್, ಟರ್ಕಿ ರನ್, ಸ್ಕಾಟ್ಸ್ ರನ್ ಎಲ್ಲವೂ ಒಳ್ಳೆಯವೇ. ಸೆಂಟರ್‌ವಿಲ್ ಕಡೆಯವರಿಗೆ ಬುಲ್ ರನ್ ರೀಜನಲ್ ಪಾರ್ಕ್ ಇದೆ.

ಫೆಬ್ರವರಿ ಕೊನೆಗೇ ಶುರು ಮಾಡಿ. ಜೌಗು ನೆಲದಲ್ಲಿ ಕಂದುಗೆಂಪು ಬಣ್ಣದ, ಮೊನಚು ಟೋಪಿಯಂಥದ್ದು ಕೆಸರಿನಿಂದ ಎದ್ದಿರುತ್ತದೆ. ಅದು ಸ್ಕಂಕ್ ಕ್ಯಾಬೇಜ್. ಹೂವು ತಾನೇ ಶಾಖ ಹುಟ್ಟಿಸಿಕೊಂಡು ಸುತ್ತಲಿನ ಹಿಮ ಕರಗಿಸುತ್ತದೆ. ಎಲೆ ಜಜ್ಜಿದರೆ ಕೆಟ್ಟ ವಾಸನೆ. ಇದು ನಮ್ಮ ಕೆಸುವಿನ, ಸುವರ್ಣಗೆಡ್ಡೆಯ ಕುಟುಂಬದ್ದು. ಸುವರ್ಣಗೆಡ್ಡೆ ಹೂ ಬಿಟ್ಟಾಗಿನ ನಾತ ಕಂಡವರಿಗೆ ಈ ನಂಟು ಕೂಡಲೇ ಹೊಳೆಯುತ್ತದೆ. ಕೆಸುವಿನ ಬಂಧು ಅಂತ ಕೀಳಲು ಹೋಗಬೇಡಿ, ಹಸಿಯಾಗಿ ತಿಂದರೆ ಬಾಯಿ ಗಂಟಲು ಸುಡುತ್ತದೆ.

ಮಾರ್ಚ್ ನಡುವಿನಿಂದ ಸ್ಪ್ರಿಂಗ್ ಬ್ಯೂಟಿ. ಬೆರಳುದ್ದದ ಗಿಡ, ಬಿಳಿಯ ಐದು ಎಸಳು, ಎಸಳಿನ ಮೇಲೆ ಸೂಜಿಯಲ್ಲಿ ಎಳೆದಂತೆ ಗುಲಾಬಿ ಗೆರೆ. ಮಂಡಿಯೂರಿ ಕೂತರೆ ಮಾತ್ರ ಆ ಗೆರೆ ಕಾಣುತ್ತದೆ. ಇದರ ಪರಾಗವನ್ನೇ ನಂಬಿ ಮರಿ ಸಾಕುವ ಒಂದು ಪುಟ್ಟ ಕಾಡುಜೇನು ಇದೆ. ಕಾಲಿಗೆ ಗುಲಾಬಿ ಪುಡಿ ಮೆತ್ತಿಕೊಂಡ ಹುಳ ಕಂಡರೆ ಅದೇ ಇರಬೇಕು. ಮೊದಲ ವರ್ಷ ನಾನು ಮೋಡ ಕವಿದ ಒಂದು ಬೆಳಿಗ್ಗೆ ಎಂಟಕ್ಕೇ ಹೋಗಿ, ಏನೂ ಇಲ್ಲ ಅಂತ ವಾಪಸ್ ಬಂದಿದ್ದೆ. ಹೂಗಳು ಅಲ್ಲೇ ಇದ್ದವು, ಮುಚ್ಚಿಕೊಂಡಿದ್ದವು. ಬಿಸಿಲಿರುವ ದಿನ ನೋಡಿಕೊಂಡು, ಹನ್ನೊಂದರಿಂದ ಮೂರರೊಳಗೆ ಹೋಗಿ.

ಬ್ಲಡ್‌ರೂಟ್ ಕೂಡ ಹೀಗೇ. ಒಂದೇ ಎಲೆ, ತೊಟ್ಟಿನ ಸುತ್ತ ಶಾಲಿನಂತೆ ಸುತ್ತಿಕೊಂಡಿರುತ್ತದೆ. ಅದರ ನಡುವಿನಿಂದ ಅಚ್ಚ ಬಿಳಿ ಹೂ. ಎರಡು ಮೂರು ದಿನಕ್ಕೆ ಎಸಳು ಉದುರುತ್ತದೆ. ಗಾಳಿ ಮಳೆ ಬಂದರೆ ಅದೂ ಇಲ್ಲ. ಬೇರು ಮುರಿದರೆ ಕೆಂಪು ರಸ ಬರುವುದರಿಂದ ಆ ಹೆಸರು. ಎಸಳು ಉದುರುವ ಮೊದಲು ಇದನ್ನು ಕಾಣುವುದೇ ಒಂದು ಯೋಗ ಅಂತ ನಾನು ತಿಳಿದಿದ್ದೇನೆ.

ಏಪ್ರಿಲ್ ಮೊದಲ ವಾರಗಳಲ್ಲಿ ಡಚ್‌ಮನ್ಸ್ ಬ್ರೀಚಸ್ ಹುಡುಕಿ. ದಾರಕ್ಕೆ ತಲೆಕೆಳಗಾಗಿ ಒಣಹಾಕಿದ ಪುಟಾಣಿ ಬಿಳಿ ಚಡ್ಡಿಗಳಂತೆ ಕಾಣುತ್ತದೆ, ಮಕ್ಕಳಿಗೆ ತುಂಬ ಇಷ್ಟ. ಟ್ರೌಟ್ ಲಿಲಿಯ ಎಲೆ ಮೇಲೆ ಕಂದು ಮಚ್ಚೆ ಇರುತ್ತದೆ, ಹಳದಿ ಹೂ ಬಗ್ಗಿರುತ್ತದೆ. ನೂರಾರು ಎಲೆ ಕಾಣುತ್ತದೆ, ಹೂ ಬೆರಳೆಣಿಕೆ. ಒಂದೇ ಎಲೆಯ ಗಿಡ ಹೂ ಬಿಡುವುದಿಲ್ಲ, ಎರಡು ಎಲೆ ಬರಬೇಕು. ಬೀಜದಿಂದ ಅಲ್ಲಿಗೆ ಮುಟ್ಟಲು ಏಳು ವರ್ಷ ಹಿಡಿಯುವುದೂ ಉಂಟು.

ಇಂಥ ಗಿಡಗಳಲ್ಲಿ ಬಹಳಷ್ಟರ ಬೀಜ ಹೊತ್ತೊಯ್ಯುವುದು ಇರುವೆ. ಬೀಜಕ್ಕೆ ಅಂಟಿದ ಕೊಬ್ಬಿನ ತುಣುಕಿನ ಆಸೆಗೆ ಗೂಡಿಗೆ ಎಳೆದುಕೊಂಡು ಹೋಗುತ್ತವೆ, ಬೀಜ ಅಲ್ಲೇ ಮೊಳೆಯುತ್ತದೆ. ಇರುವೆ ಎಷ್ಟು ದೂರ ಹೋದೀತು? ಆದ್ದರಿಂದ ಒಂದು ಹಾಸು ಹಾಳಾದರೆ ಮತ್ತೆ ತುಂಬಲು ಬಹಳ ಕಾಲ ಬೇಕು. ದಯವಿಟ್ಟು ದಾರಿ ಬಿಟ್ಟು ಕಾಲಿಡಬೇಡಿ. ಫೋಟೋಗೋಸ್ಕರ ಮಗುವನ್ನು ಹೂಗಳ ನಡುವೆ ಕೂರಿಸಬೇಡಿ. ಊರಿಂದ ಬಂದ ಹಿರಿಯರಿಗೆ ದೇವರಿಗೆ ಎರಡು ಹೂ ಕೊಯ್ಯೋಣ ಅನ್ನಿಸುವುದು ಸಹಜ. ಇಲ್ಲಿನ ಪಾರ್ಕುಗಳಲ್ಲಿ ಹೂ ಕೀಳುವುದು ನಿಷಿದ್ಧ ಅಂತ ಮನೆಯಲ್ಲೇ ಹೇಳಿ ಹೊರಡಿ.

ಒಂದು ಹೂವಿನ ವಿಷಯದಲ್ಲಿ ಮೋಸ ಹೋಗಬೇಡಿ. ತೊರೆಯ ಅಂಚಿನಲ್ಲಿ ಎಣ್ಣೆ ಸವರಿದಂತೆ ಹೊಳೆಯುವ ಹಳದಿ ಹೂಗಳ ದಟ್ಟ ಚಾಪೆ ಕಾಣಬಹುದು. ಅದು ಲೆಸರ್ ಸೆಲಂಡೈನ್, ಯೂರೋಪಿನಿಂದ ತೋಟಕ್ಕೆ ತಂದದ್ದು, ಕಾಡಿಗೆ ನುಗ್ಗಿದೆ. ಉಳಿದವು ಏಳುವ ಮೊದಲೇ ಎದ್ದು ನೆಲ ಮುಚ್ಚಿಬಿಡುತ್ತದೆ. ಅದು ಹಬ್ಬಿದ ಕಡೆ ಮೇಲೆ ಹೇಳಿದ ಹೂಗಳು ಉಳಿಯುವುದು ಕಷ್ಟ. ನೋಡಲು ಚಂದ ಇದೆ, ಅದಕ್ಕೇ ನನಗೆ ಜಾಸ್ತಿ ಸಂಕಟ.

ಇನ್ನು ಎಚ್ಚರಿಕೆ. ಮಂಗನ ಕಾಯಿಲೆ ಗೊತ್ತಿರುವ ಶಿವಮೊಗ್ಗ, ಉತ್ತರ ಕನ್ನಡದವರಿಗೆ ಉಣುಗಿನ ಬಗ್ಗೆ ಹೇಳಬೇಕಾಗಿಲ್ಲ. ಇಲ್ಲಿ ಉಣುಗು ಲೈಮ್ ಕಾಯಿಲೆ ತರುತ್ತದೆ, ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಡ್ರೈಯರ್‌ನಲ್ಲಿ ಹೆಚ್ಚು ಬಿಸಿಗೆ ಹತ್ತು ನಿಮಿಷ ಹಾಕಿ. ಮಕ್ಕಳ ಕಿವಿ ಹಿಂದೆ, ಕಂಕುಳು, ಸೊಂಟ, ಮಂಡಿ ಹಿಂದೆ ನೋಡಿ. ಇನ್ನೊಂದು ಪಾಯ್ಸನ್ ಐವಿ, ಮೈಗೆ ತಾಗಿದರೆ ತುರಿಕೆಯ ಗುಳ್ಳೆ ಎಬ್ಬಿಸುವ ಗಿಡ. ಮೂರು ಮೂರು ಎಲೆ. ಎಲೆ ಇಲ್ಲದಾಗ ಮರಕ್ಕೆ ಅಂಟಿದ ಕೂದಲು ಕೂದಲು ಬಳ್ಳಿ, ಆಗಲೂ ಮುಟ್ಟಬಾರದು. ಇದು ಮಾವು, ಗೇರಿನ ಕುಟುಂಬದ್ದು. ಮಾವಿನ ಸೊನೆ ತಾಗಿ ಬಾಯಿ ಸುತ್ತ ಹುಣ್ಣಾಗುವವರು ಇನ್ನೂ ಹುಷಾರಾಗಿರಿ. ತಾಗಿದರೆ ತಡಮಾಡದೆ ಸೋಪು ಹಾಕಿ ತೊಳೆಯಿರಿ.

ಏಪ್ರಿಲ್ ನಡುವಿನಲ್ಲಿ ಬ್ಲೂಬೆಲ್. ಉಳಿದ ಹೂಗಳನ್ನು ಹುಡುಕಬೇಕು, ಇದು ಹುಡುಕುವಂಥದ್ದಲ್ಲ. ಹೊಳೆ ಉಕ್ಕಿ ಮೆಕ್ಕಲು ಬಿಟ್ಟ ತಗ್ಗಿನಲ್ಲಿ ಕಣ್ಣು ಹಾಯುವವರೆಗೂ ನೀಲಿ. ಮೊಗ್ಗು ಗುಲಾಬಿ, ಅರಳಿದರೆ ತಿಳಿನೀಲಿ, ಒಂದೇ ಗೊಂಚಲಿನಲ್ಲಿ ಎರಡೂ ಇರುತ್ತದೆ. ಬುಲ್ ರನ್‌ನಲ್ಲಿ ಇದಕ್ಕೆಂದೇ ಬ್ಲೂಬೆಲ್ ಟ್ರೇಲ್ ಇದೆ. ಶನಿವಾರ, ಭಾನುವಾರ ಜನಜಂಗುಳಿ. ವಾರದ ನಡುವೆ ಮಧ್ಯಾಹ್ನ ಬಿಡುವು ಸಿಕ್ಕರೆ ಆಗ ಹೋಗಿ. ಕೆಸರು ಇದ್ದೇ ಇರುತ್ತದೆ, ಹಳೆಯ ಶೂ ಹಾಕಿಕೊಳ್ಳಿ.

ಕೊನೆಗೆ ಟ್ರಿಲಿಯಮ್: ಮೂರು ಎಲೆ, ಮೂರು ಎಸಳು. ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ ಲಿಂಡನ್ ಬಳಿಯ ಥಾಂಪ್ಸನ್ ವನ್ಯಜೀವಿ ಪ್ರದೇಶದಲ್ಲಿ ಬೆಟ್ಟದ ಇಳಿಜಾರೇ ಬಿಳಿಯಾಗಿರುತ್ತದೆ. ಹೂ ಹಳೆಯದಾದಂತೆ ಗುಲಾಬಿಗೆ ತಿರುಗುತ್ತದೆ. ಅಲ್ಲಿಗೆ ರಾಜ್ಯದ ವನ್ಯಜೀವಿ ಇಲಾಖೆಯ ಪ್ರವೇಶ ಪರವಾನಗಿ ಬೇಕು, ಮೊದಲೇ ತೆಗೆದುಕೊಳ್ಳಿ.

ನಮ್ಮವರಲ್ಲಿ ಜಾಸ್ತಿ ಜನ ಅಪ್ಪ ಅಮ್ಮನನ್ನು ಮೇ ಕೊನೆಗೆ, ಮಕ್ಕಳ ರಜೆ ಹೊತ್ತಿಗೆ ಕರೆಸಿಕೊಳ್ಳುತ್ತಾರೆ. ಅಷ್ಟು ಹೊತ್ತಿಗೆ ಕಾಡಿನಲ್ಲಿ ನೆರಳು ಮುಚ್ಚಿ ಬ್ಲೂಬೆಲ್‌ನ ಎಲೆಗಳೂ ಹಳದಿಯಾಗಿ ಮಲಗಿರುತ್ತವೆ. ಸಾಧ್ಯವಾದರೆ ಒಂದು ವರ್ಷ ಟಿಕೆಟ್ಟನ್ನು ಏಪ್ರಿಲ್ ಮೊದಲ ವಾರಕ್ಕೆ ಮಾಡಿಸಿ. ಬುಲ್ ರನ್‌ನ ದಾರಿ ಸಮತಟ್ಟು, ಏರು ಇಳಿವಿಲ್ಲ. ಮಂಡಿ ನೋವಿರುವವರೂ ನಿಧಾನವಾಗಿ ನಡೆದು ಬರಬಹುದು.