ಮೂವತ್ತು ಕಾರ್ಡಿನ ಡೆಕ್: ಏನು ಇಡಬೇಕು, ಏನು ಬಿಡಬೇಕು

ಆರ್ಕಮ್ ಹಾರರ್ ಕಾರ್ಡ್ ಗೇಮ್ ಆಡಲು ಕೂತ ಹೊಸಬರು ನಿಯಮಗಳಲ್ಲಿ ಎಡವುವುದು ಕಡಿಮೆ. ಅವರು ಎಡವುವುದು ಅದಕ್ಕೂ ಮುಂಚೆ, ಡೆಕ್ ಕಟ್ಟುವಾಗ, ಅಂದರೆ ಆಡಲು ತಮ್ಮ ಕಾರ್ಡುಗಳನ್ನು ಆರಿಸಿಕೊಳ್ಳುವಾಗ. ಚೆನ್ನಾಗಿ ಕಂಡ ಕಾರ್ಡನ್ನೆಲ್ಲ ತುಂಬಿಕೊಂಡು ಬರುತ್ತಾರೆ. ಮೂರನೇ ಸುತ್ತಿಗೆ ಬಂದರೆ ಕೈತುಂಬ ಕಾರ್ಡ್ ಇರುತ್ತದೆ, ಒಂದನ್ನೂ ಇಳಿಸಲು ದುಡ್ಡಿರುವುದಿಲ್ಲ. ಆಮೇಲೆ "ಈ ಆಟ ತುಂಬಾ ಕಷ್ಟ" ಎಂದು ಪೆಟ್ಟಿಗೆ ಮುಚ್ಚುತ್ತಾರೆ. ಇಷ್ಟು ಒಳ್ಳೆಯ ಆಟಕ್ಕೆ ಹೀಗಾಗಬಾರದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 2016ರಲ್ಲಿ ಫ್ಯಾಂಟಸಿ ಫ್ಲೈಟ್ ಗೇಮ್ಸ್ ತಂದ ಆಟ ಇದು. 1920ರ ದಶಕದ ಅಮೆರಿಕದಲ್ಲಿ, ಆರ್ಕಮ್ ಎಂಬ ಕಲ್ಪನೆಯ ಊರಿನಲ್ಲಿ ಕಥೆ ನಡೆಯುತ್ತದೆ. ಆಡುವವರೆಲ್ಲ ಒಂದೇ ಪಕ್ಷ. ಸುಳಿವು ಹುಡುಕಬೇಕು, ಪಿಶಾಚಿಗಳಿಂದ ಬದುಕುಳಿಯಬೇಕು. ಕಾರ್ಡುಗಳು ಅದೃಷ್ಟದ ಪ್ಯಾಕೆಟ್‌ನಲ್ಲಿ ಬರುವುದಿಲ್ಲ, ಪೆಟ್ಟಿಗೆಯಲ್ಲಿ ಇಂತಿಷ್ಟೇ ಎಂದು ಗೊತ್ತಿರುತ್ತದೆ. ಕೊಳ್ಳುವುದಾದರೆ 2021ರ ಪರಿಷ್ಕೃತ ಕೋರ್ ಸೆಟ್ (ಮೂಲ ಪೆಟ್ಟಿಗೆ) ಕೊಳ್ಳಿ. ಹಳೆಯ ಪೆಟ್ಟಿಗೆ ಕಡಿಮೆ ಬೆಲೆಗೆ ಸಿಕ್ಕಿತು ಎಂದು ತರಬೇಡಿ. ಅದರಲ್ಲಿ ಆಟಗಾರರ ಕಾರ್ಡು ಬಹುತೇಕ ಒಂದೊಂದೇ ಪ್ರತಿ ಇತ್ತು, ಹಾಗಾಗಿ ಎಷ್ಟೋ ಜನ ಎರಡು ಪೆಟ್ಟಿಗೆ ಕೊಂಡರು.

ಹಂತ 1: ಪತ್ತೇದಾರರನ್ನು, ಅಂದರೆ ನೀವು ಆಡುವ ಪಾತ್ರವನ್ನು, ಆರಿಸಿ. ಮೊದಲ ಸಲ ರೋಲಂಡ್ ಬ್ಯಾಂಕ್ಸ್. ಬೇರೆ ಯೋಚನೆ ಬೇಡ.

ಹಂತ 2: ಕೆಲಸ ಗೊತ್ತು ಮಾಡಿ. ರೋಲಂಡ್‌ನ ಕಾಂಬ್ಯಾಟ್ (ಹೊಡೆದಾಟದ ಅಂಕ) 4. ಶತ್ರುವನ್ನು ಸೋಲಿಸಿದರೆ, ಸುತ್ತಿಗೊಮ್ಮೆ, ನಿಂತ ಜಾಗದಿಂದ ಒಂದು ಸುಳಿವು ಪುಕ್ಕಟೆ ಸಿಗುತ್ತದೆ. ಅಂದರೆ ಅವನ ಕೆಲಸ ಹೊಡೆಯುವುದು. ಸುಳಿವು ಹುಡುಕುವುದು ಎರಡನೆಯದು. ಜೊತೆಗೆ ಇನ್ನೊಬ್ಬ ಪತ್ತೇದಾರಿ ಡೇಸಿ ವಾಕರ್ ಆಡುವವರಿದ್ದರಂತೂ ಹುಡುಕಾಟ ಅವಳಿಗೇ ಬಿಡಿ, ಅವಳ ಇಂಟೆಲೆಕ್ಟ್ (ಸುಳಿವು ಹುಡುಕುವ ಅಂಕ) 5.

ಹಂತ 3: ರಾಶಿ ಹಾಕಿ. ರೋಲಂಡ್‌ಗೆ ಗಾರ್ಡಿಯನ್ (ಹೊಡೆಯುವವರ) ಕಾರ್ಡು, ಕೆಳಹಂತದ ಸೀಕರ್ (ಹುಡುಕುವವರ) ಕಾರ್ಡು, ಯಾರಿಗೂ ಸಲ್ಲುವ ನ್ಯೂಟ್ರಲ್ ಕಾರ್ಡು ಸಲ್ಲುತ್ತವೆ. ಶುರುವಿಗೆ ಲೆವೆಲ್ 0 (ಎಲ್ಲಕ್ಕಿಂತ ಕೆಳಹಂತದ) ಕಾರ್ಡು ಮಾತ್ರ. ಒಂದೇ ಹೆಸರಿನವು ಎರಡಕ್ಕಿಂತ ಜಾಸ್ತಿ ಬೇಡ.

ಹಂತ 4: ಕಡಿಯಿರಿ. ಎಲ್ಲರೂ ಕೆಡಿಸುವುದು ಇಲ್ಲೇ. ರಾಶಿಯಲ್ಲಿ ಐವತ್ತು ಅರವತ್ತು ಕಾರ್ಡು ಇರುತ್ತವೆ, ಉಳಿಯಬೇಕಾದ್ದು ಸರಿಯಾಗಿ 30. ಇದಕ್ಕೆ ಮೂರು ಸಲ ಕತ್ತರಿ ಹಾಕಬೇಕು, ಇದೇ ಕ್ರಮದಲ್ಲಿ.

ಮೊದಲ ಕತ್ತರಿ ಜಾಗದ್ದು. ಪತ್ತೇದಾರನಿಗೆ ಇರುವುದು ಎರಡೇ ಕೈ. ಒಂದರಲ್ಲಿ ಆಯುಧ, ಇನ್ನೊಂದರಲ್ಲಿ ಭೂತಕನ್ನಡಿ ಹಿಡಿದರೆ ಮುಗಿಯಿತು. ಚಾಕು, ಹಳೆಯ ಪುಸ್ತಕ, ಟಾರ್ಚು ಎಲ್ಲವೂ ಕೈಯನ್ನೇ ಕೇಳುತ್ತವೆ. ಚಾಕು, ಪುಸ್ತಕ ತೆಗೆದುಬಿಡಿ. ಸಂಗಾತಿಯ ಜಾಗವೂ ಒಂದೇ. ಬೀಟ್ ಕಾಪ್ ಎರಡು ಇಡಿ, ಬೇಕಿದ್ದರೆ ಗಾರ್ಡ್ ಡಾಗ್ ಒಂದು. ಡಾಕ್ಟರ್ ಮಿಲನ್ ಕ್ರಿಸ್ಟೋಫರ್ ಒಳ್ಳೆಯ ಕಾರ್ಡೇ, ಆದರೆ ಡೇಸಿಯ ಕೈಯಲ್ಲಿ.

ಎರಡನೆಯದು ದುಡ್ಡಿನ ಕತ್ತರಿ. ಆಟ ಶುರುವಾದಾಗ ಸಿಗುವುದು 5 ರಿಸೋರ್ಸ್. ಆಮೇಲೆ ಸುತ್ತಿಗೆ ಒಂದೊಂದು. .45 ಆಟೊಮ್ಯಾಟಿಕ್ ಪಿಸ್ತೂಲಿಗೆ 4, ಬೀಟ್ ಕಾಪ್‌ಗೆ 4. ಮೊದಲ ಸುತ್ತಿನಲ್ಲಿ ಪಿಸ್ತೂಲು ಇಳಿಸಿದರೆ ಕೈಯಲ್ಲಿ 1 ಉಳಿಯುತ್ತದೆ. ಎರಡನೇ ಸುತ್ತಿಗೆ 2, ಮೂರಕ್ಕೆ 3, ನಾಲ್ಕನೇ ಸುತ್ತಿಗೆ ಕಾಪ್ ಬರುತ್ತಾನೆ. ಅಷ್ಟರೊಳಗೆ ಘೌಲ್ ಎಂಬ ಪಿಶಾಚಿಗಳು ಬಂದು ನಿಂತಿರುತ್ತವೆ. ಹಾಗಾಗಿ ದುಬಾರಿ ಕಾರ್ಡು ಆರೇಳಕ್ಕಿಂತ ಜಾಸ್ತಿ ಬೇಡ. ಡೈನಮೈಟ್ ಬ್ಲಾಸ್ಟ್ ಎಲ್ಲರಿಗೂ ಇಷ್ಟ, ಅಲ್ವಾ? ಅದರ ಬೆಲೆ 5, ಅಂದರೆ ಶುರುವಿನ ಪೂರ್ತಿ ದುಡ್ಡು. ತೆಗೆಯಿರಿ. ಎಮರ್ಜೆನ್ಸಿ ಕ್ಯಾಶ್ ನೋಡಲು ಸಪ್ಪೆ. ಬೆಲೆಯಿಲ್ಲ, 3 ರಿಸೋರ್ಸ್ ಕೊಡುತ್ತದೆ, ಅಷ್ಟೆ. ಆದರೂ ಎರಡೂ ಪ್ರತಿ ಇಡಲೇಬೇಕು. ಇದನ್ನು ಬಿಟ್ಟು ಕಟ್ಟಿದ ಹೊಸಬರ ಡೆಕ್ ನಡೆದದ್ದನ್ನು ನಾನು ನೋಡಿಲ್ಲ.

ಮೂರನೆಯದು ಲೆಕ್ಕದ ಕತ್ತರಿ. ಮೊದಲ ಕಥೆಯಲ್ಲೇ ಎದುರಾಗುವ ಘೌಲ್ ಪ್ರೀಸ್ಟ್‌ನ ಹೊಡೆದಾಟದ ಅಂಕ 4. ರೋಲಂಡ್‌ದೂ 4. ಸಮ ಸಮ ಇದೆ, ಸಾಕು ಎಂದುಕೊಳ್ಳಬೇಡಿ. ಹೊಡೆಯುವುದು ಒಂದು ಟೆಸ್ಟ್: ಚೀಲದಿಂದ ಕಣ್ಣುಮುಚ್ಚಿ ಒಂದು ಟೋಕನ್ ತೆಗೆಯಬೇಕು, ಅದು ನಿಮ್ಮ ಅಂಕವನ್ನು ಏರಿಸುತ್ತದೆ ಇಲ್ಲವೇ, ಹೆಚ್ಚಾಗಿ, ಇಳಿಸುತ್ತದೆ; ಆಮೇಲೂ ಶತ್ರುವಿನ ಅಂಕದಷ್ಟಿದ್ದರೆ ಗೆದ್ದಿರಿ. ಸ್ಟಾಂಡರ್ಡ್ ಕಷ್ಟದ ಮಟ್ಟದಲ್ಲಿ ಚೀಲದಲ್ಲಿ 16 ಟೋಕನ್ ಇರುತ್ತವೆ. ಬರಿಗೈಲಿ ಹೊಡೆದರೆ ಗೆಲ್ಲಿಸುವುದು ಅದರಲ್ಲಿ ನಾಲ್ಕೇ. ಮಚೆಟೆ (ಮಚ್ಚು) ಹಿಡಿದರೆ ಒಂದು ಅಂಕ ಏರುತ್ತದೆ, ಬೀಟ್ ಕಾಪ್ ಜೊತೆಗಿದ್ದರೆ ಇನ್ನೊಂದು. ಈಗ 6ಕ್ಕೆ 4. ಅದೇ ಚೀಲದಲ್ಲಿ 13 ಟೋಕನ್ ಗೆಲ್ಲಿಸುತ್ತವೆ! ಎರಡೇ ಅಂಕಕ್ಕೆ ಇಷ್ಟು ವ್ಯತ್ಯಾಸ. ಮುಖ್ಯವಾದ ಏಟಿಗೆ ಎದುರಾಳಿಗಿಂತ ಎರಡು ಮೇಲಿರಬೇಕು ಎನ್ನುವುದು ಇದಕ್ಕೇ. ನಿಮ್ಮ ಪ್ರತಿ ಕಾರ್ಡನ್ನೂ ಹಿಡಿದು ಕೇಳಿ: ಇದು ನನ್ನನ್ನು ಆ ಎರಡು ಅಂಕಕ್ಕೆ ಏರಿಸುತ್ತದಾ? ಇಲ್ಲವೇ ಟೆಸ್ಟೇ ಇಲ್ಲದೆ ಸುಳಿವು ಕೊಡುತ್ತದಾ? ಎರಡೂ ಇಲ್ಲವೆಂದರೆ, ಎಮರ್ಜೆನ್ಸಿ ಕ್ಯಾಶ್ ಒಂದನ್ನು ಬಿಟ್ಟು, ಪಕ್ಕಕ್ಕಿಡಿ. ವಿಶಿಯಸ್ ಬ್ಲೋ, ಓವರ್‌ಪವರ್, ಎವಿಡೆನ್ಸ್, ವರ್ಕಿಂಗ್ ಎ ಹಂಚ್ ಉಳಿಯುತ್ತವೆ. ಮಚೆಟೆ ಎರಡೂ ಉಳಿಯುತ್ತವೆ. ಗುಂಡು ಖಾಲಿಯಾಗುವ ಮಾತೇ ಇಲ್ಲ, ಮೈಮೇಲೆ ಒಂದೇ ಶತ್ರು ಇದ್ದರೆ ಏಟೂ ಒಂದು ಜಾಸ್ತಿ. ಎರಡು ಪ್ರಾಣದ ಘೌಲ್ ಮಿನಿಯನ್ ಒಂದೇ ಹೊಡೆತಕ್ಕೆ ಬೀಳುತ್ತದೆ, ಸುಳಿವೂ ಕೈಗೆ ಬರುತ್ತದೆ.

ಮನೋಬಲದ ಟೆಸ್ಟಿಗೆ ನೆರವಾಗುವ ಗಟ್ಸ್ ಕಾರ್ಡು ಎರಡು ಮರೆಯಬೇಡಿ. ರೋಲಂಡ್‌ನ ದೇಹ ಗಟ್ಟಿ, ಮನಸ್ಸು ಅಲ್ಲ. ಅವನ ಸ್ಯಾನಿಟಿ 5 ಮಾತ್ರ.

ಯಾರೋ ಇಂಟರ್ನೆಟ್ಟಿನಲ್ಲಿ ಹಾಕಿದ ಡೆಕ್ಕನ್ನು ಹಾಗೇ ನಕಲು ಮಾಡುವುದು ಸುಲಭದ ದಾರಿ. ಬಹಳಷ್ಟು ಸಲ ಅದರಲ್ಲಿ ನಿಮ್ಮ ಹತ್ತಿರ ಇಲ್ಲದ ಪೆಟ್ಟಿಗೆಗಳ ಕಾರ್ಡು ಇರುತ್ತವೆ. ಇಲ್ಲದ್ದರ ಬದಲಿಗೆ ಸುಮ್ನೆ ಏನೋ ತುಂಬಿದರೆ ಡೆಕ್ ಕೆಡುತ್ತದೆ.

ಹಂತ 5: ದೌರ್ಬಲ್ಯ, ಅಂದರೆ ನಿಮಗೇ ತೊಂದರೆ ಕೊಡುವ ಕಾರ್ಡು, ಸೇರಿಸಿ. 30ರ ಮೇಲೆ ರೋಲಂಡ್‌ನ ಸ್ವಂತ ಪಿಸ್ತೂಲು, ಅವನದೇ ದೌರ್ಬಲ್ಯವಾದ ಕವರ್ ಅಪ್, ಮತ್ತು ಕಣ್ಣುಮುಚ್ಚಿ ತೆಗೆದ ಒಂದು ಸಾಮಾನ್ಯ ದೌರ್ಬಲ್ಯ. ಒಟ್ಟು 33. ಕೆಟ್ಟದ್ದು ಬಂತು ಎಂದು ಮತ್ತೆ ತೆಗೆಯಬೇಡಿ, ಕಥೆ ಹುಟ್ಟುವುದೇ ಅಲ್ಲಿ. ಈ ಕಾರ್ಡುಗಳ ಬೆನ್ನು ಉಳಿದವುಗಳ ಹಾಗೇ ಇರುತ್ತದೆ, ಮೂಲೆ ಸವೆದರೆ ಗುಟ್ಟು ರಟ್ಟು. ಹಾಗಾಗಿ ಪ್ಲಾಸ್ಟಿಕ್ ಕವರ್ ಹಾಕಿ. ಆದರೆ ತೀರಾ ತೆಳ್ಳಗಿನ ಅಗ್ಗದ ಕವರ್ ಬೇಡ, ನಾಲ್ಕು ಸಲ ಕಲೆಸುವುದರೊಳಗೆ ಹೊಲಿಗೆ ಬಿಡುತ್ತವೆ.

ಹಂತ 6: ಕೈ ನೋಡಿ. ಕಲೆಸಿ ಐದು ಕಾರ್ಡು ಎಳೆಯಿರಿ. ಬೇಡದ್ದನ್ನು ಒಮ್ಮೆ ಬದಲಿಸಿ. ಆಯುಧ ಬಂತಾ? ಅದನ್ನು ಇಳಿಸಲು ದುಡ್ಡು ಸಾಕಾ? ಹೀಗೆ ಹತ್ತಿಪ್ಪತ್ತು ಸಲ ಮಾಡಿ. ಆಗಾಗ ಆಯುಧವೇ ಬರುತ್ತಿಲ್ಲವೆಂದರೆ ಟಾರ್ಚು ತೆಗೆದು ಇನ್ನೊಂದು ಆಯುಧ ಹಾಕಿ. ಈ ಬದಲಾವಣೆ ಕಥೆ ಶುರುವಾಗುವ ಮುಂಚೆಯೇ ಆಗಲಿ. ಈಗ ಪುಕ್ಕಟೆ. ಮೊದಲ ಕಥೆ ಮುಗಿದ ಮೇಲೆ ಲೆವೆಲ್ 0 ಕಾರ್ಡು ಬದಲಿಸಲೂ ತಲಾ ಒಂದು ಅನುಭವದ ಅಂಕ ತೆರಬೇಕು. ಕಷ್ಟಪಟ್ಟು ಗಳಿಸಿದ ಆ ಅಂಕ ಮೇಲಿನ ಲೆವೆಲ್‌ನ ಕಾರ್ಡಿಗೆ ಬೇಕಾಗುತ್ತದೆ.